ಕೋಡಿಗೆ ಕಟ್ಟಿದ ಬಲೆ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಂಡೆ ಒಲೆ ಹಚ್ಚಿದೆ. ಹಸು ಕರೆದು ಡೈರಿಗೆ ಹಾಲು ಹಾಕಿ ಬಂದೆ. ಒಂದು ಮೊರ ಅವರೆಕಾಯಿ ಸುಲಿದೆ. ಇಲಿ ಕಡಿದಿದ್ದ ಬಲೆಗೆ ಕಣ್ಣು ಕಟ್ಟಿದೆ. ತೌಡು, ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಮಾಡಿ, ತೂಬಿನ ಹತ್ತಿರ ಮೀನಿಗೆ ಹಾಕಿ ಬರಲು ಯಜಮಾನರ ಕೈಗೆ ಕೊಟ್ಟೆ. ಬಟ್ಟೆ ಒಗೆದು ಹರವಿದೆ. ಸಂಜೆಯಾದರೂ ಒಂದೂ ಒಣಗಲಿಲ್ಲ. ಮಳೆ ಬಂದಿರಲಿಲ್ಲ, ಬಿಸಿಲೂ ಬಂದಿರಲಿಲ್ಲ. ಮೋಡ ಮಾತ್ರ ಬೆಳಗಿನಿಂದ ಒಂದೇ ಸಮ ಪಡುವಲಿಗೆ ಹೋಗುತ್ತಲೇ ಇತ್ತು.

ನಮ್ಮ ಕೆರೆ ಹಳೇಬೀಡಿನಿಂದ ಮಾದಿಹಳ್ಳಿ ಕಡೆಗೆ ಹೋಗುವಾಗ ರಸ್ತೆಯಿಂದ ಒಳಗೆ ಸಿಗುತ್ತದೆ. ಅಂಥ ದೊಡ್ಡದಲ್ಲ. ಒಂದು ಏರಿ, ಒಂದು ತೂಬು, ಏರಿಯ ಬಡಗಲ ತುದಿಗೆ ಹೆಚ್ಚಾದ ನೀರು ಹೊರಗೆ ಹರಿಯುವ ಕಲ್ಲುಕಟ್ಟಿನ ಕೋಡಿ. ಅದರ ಮೀನು ಹಿಡಿಯುವ ಗುತ್ತಿಗೆ ನಮ್ಮದು, ಅಂದರೆ ನಾನು, ನಮ್ಮ ಯಜಮಾನರು, ನನ್ನ ಮೈದುನ. ಹೋದ ವರ್ಷದ ಮಳೆಗಾಲದಲ್ಲಿ ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಈಗ ಮೊಳದುದ್ದ ಬೆಳೆದಿದ್ದವು. ಈ ವರ್ಷದ ಮರಿಗಳೂ ಬೆರಳುದ್ದ ಆಗಿದ್ದವು. ನಮಗೆ ಬೇರೆ ಹೊಲವಿಲ್ಲ. ನಮ್ಮ ಎರಡು ಮನೆಯ ಮುಂದಿನ ವರ್ಷವೆಲ್ಲ ಆ ನೀರೊಳಗೇ ಇತ್ತು.

ಬೆಳೆದ ಮೀನು ಯಾಕೆ ಹಿಡಿದಿರಲಿಲ್ಲ ಅಂದರೆ, ಕಾರ್ತಿಕ ಮಾಸ. ನಮ್ಮಂಥ ಮೀನಿನವರ ಮನೆಗೆ ಆ ನೇಮವಿಲ್ಲ, ಆದರೆ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಕಾರ್ತಿಕ ಕಳೆಯುವವರೆಗೆ ಒಲೆ ಮೇಲೆ ಮೀನು ಮಾಂಸ ಇಡುವುದಿಲ್ಲ. ಆ ತಿಂಗಳಲ್ಲಿ ಬೇಲೂರಿಗೋ ಅರಸೀಕೆರೆ ಸಂತೆಗೋ ಮೀನು ಒಯ್ದರೆ ನೊಣ ಹೊಡೆಯುತ್ತಾ ಕೂರಬೇಕು. ಹಾಗಾಗಿ ನಮ್ಮವರು ಯಾವಾಗಲೂ ಕಾರ್ತಿಕದ ಅಮಾವಾಸ್ಯೆ ಕಳೆದ ಮೇಲೇ ದೊಡ್ಡ ಬಲೆ ಇಳಿಸುವುದು. ಅಷ್ಟು ಹೊತ್ತಿಗೆ ಮಳೆ ನಿಂತು ಕೆರೆ ಇಳಿಮುಖವಾಗಿರುತ್ತದೆ, ಬಲೆ ಎಳೆಯಲೂ ಹಗುರ. ಆ ವರ್ಷ ಕೆರೆ ಇಳಿದಿರಲಿಲ್ಲ. ಕೋಡಿಯ ಕಲ್ಲಿಗೆ ನೀರು ತಾಗಿಕೊಂಡೇ ನಿಂತಿತ್ತು.

ಕೆರೆಯಲ್ಲಿ ಮೀನಿಲ್ಲದ ತಿಂಗಳುಗಳಲ್ಲಿ ನಾವು ಸಮುದ್ರದ ಮೀನು ತರಿಸಿ ಮಾರುತ್ತೇವೆ. ಬಂಗುಡೆ, ಬೂತಾಯಿ. ಘಟ್ಟ ಹತ್ತಿ ಬರುವ ಗಾಡಿಯಲ್ಲಿ ಐಸ್ ಪೆಟ್ಟಿಗೆ ಕಳಿಸುವವಳು ಬಂದರಿನ ಒಬ್ಬ ಹೆಂಗಸು. ಅವಳ ಮುಖ ನಾನು ನೋಡಿಲ್ಲ, ದನಿ ಮಾತ್ರ ಗೊತ್ತು. ಅವಳ ಅಣ್ಣನದು ಒಂದು ದೋಣಿ ಇದೆ. ಬಟ್ಟೆ ಒಣಗದ ಆ ಸಂಜೆ ಅವಳೇ ಫೋನ್ ಮಾಡಿದಳು.

"ಅಕ್ಕಾ, ನಿಮ್ಮಲ್ಲಿ ಗಾಳಿ ಯಾವ ಕಡೆಯದ್ದು ಉಂಟು?"

"ಮೀನಿನ ಮಾತು ಬಿಟ್ಟು ಗಾಳಿ ಕೇಳ್ತೀಯಲ್ಲೇ."

"ಮೀನೆಂತದು, ದೋಣಿಯೆಲ್ಲ ದಕ್ಕೆಗೆ ಬಂದು ಕಟ್ಟಿ ಆಯ್ತು. ನೋಡಿ ಹೇಳಿ ಮಾರಾಯ್ರೆ."

ನಾನು ಹಿತ್ತಿಲಿಗೆ ಹೋಗಿ ಹಂಡೆ ಒಲೆಯ ಹೊಗೆ ನೋಡಿದೆ. ಅದು ಮೇಲೆ ಏಳದೆ ಹುಲ್ಲಿನ ಬಣವೆ ಕಡೆಗೆ ಮಲಗಿಕೊಂಡಿತ್ತು. "ಬಡಗಲ ಮೂಡಲಿಂದ ಬೀಸ್ತಾ ಐತೆ" ಅಂದೆ.

ಆಗ ಅವಳು ಬಿಡಿಸಿ ಹೇಳಿದಳು. ಮಳೆಗಾಲ ಮುಗಿದ ಮೇಲೆ ಬರುವ ಚಂಡಮಾರುತ ಬಂಗಾಳ ಕೊಲ್ಲಿಯದು. ಅದು ತಮಿಳುನಾಡಿನ ದಡ ಹತ್ತಿ, ನೆಲದ ಮೇಲೆ ನಡೆದು, ಕೆಲವು ಸಲ ನಮ್ಮ ಸೀಮೆಯ ತೆಂಕಲಲ್ಲಿ ಹಾದು ಅವಳ ಸಮುದ್ರಕ್ಕೆ ಇಳಿಯುತ್ತದೆ. ನಮ್ಮಲ್ಲಿ ಗಾಳಿ ಬಡಗಲ ಮೂಡಲಿಂದ ತೆಂಕಲ ಮೂಡಲಿಗೆ ತಿರುಗಿತು ಅಂದರೆ ಅದು ನಮ್ಮನ್ನು ದಾಟಿತು ಅಂತ ಲೆಕ್ಕ. "ಮೊಬೈಲಿನಲ್ಲಿ ಎಲ್ಲ ತೋರಿಸ್ತಾರೆ, ಇಲ್ಲ ಅಂತಲ್ಲ. ಆದ್ರೂ ನೆಲದ ಮೇಲೆ ನಿಂತವರು ಒಬ್ರು ಹೇಳಿದ್ರೆ ಅಣ್ಣನಿಗೆ ಸಮಾಧಾನ" ಅಂದಳು. ದಿನಾ ಬೆಳಿಗ್ಗೆ ಸಂಜೆ ಹೊಗೆ ನೋಡಿ ಹೇಳುವುದು ಅಂತ ಮಾತಾಯಿತು.

ಮಾರನೇ ದಿನ ಟೀವಿಯಲ್ಲಿ, ಚಂಡಮಾರುತ ಕರಾವಳಿ ದಾಟಿ ದುರ್ಬಲವಾಗಿದೆ ಅಂತ ಬಂತು. ಯಜಮಾನರು ತಟ್ಟೆ ಮುಂದೆ ಕೂತೇ, "ಸತ್ತೋಯ್ತು ಬಿಡು ಅದು" ಅಂದರು. ನಾನು ಬಂದರಿನವಳಿಗೆ ಅದನ್ನೇ ಹೇಳಿದೆ. ಅವಳು ನಕ್ಕಳು.

"ಸತ್ತದ್ದು ಗಾಳಿ ಮಾತ್ರ ಅಕ್ಕ. ನೀರು ಹೊತ್ಕೊಂಡೇ ಬರ್ತದೆ. ನಿಮ್ಮ ಕೆರೆ ತುಂಬಿದೆ ಅಂದ್ರಲ್ಲ, ನೋಡ್ಕೊಳ್ಳಿ."

ಮೈದುನ ಗೂಡ್ಸ್ ಆಟೋ ಓಡಿಸುತ್ತಾನೆ, ಅವಸರದ ಮನುಷ್ಯ. "ನಾಳೆನೇ ಬಲೆ ಬಿಟ್ಬಿಡಾಣ" ಅಂದ.

"ಹಿಡ್ದು ಯಾರ ಮನೆ ಬಾಗ್ಲಿಗೆ ತೋರಣ ಕಟ್ಟಾನ್ಲಾ?" ಅಂದರು ಯಜಮಾನರು. "ಕಾರ್ತಿಕ್ದಾಗೆ ತಗಳೋರ್ಯಾರು?"

"ಐಸ್ ಹಾಕಿ ಇಡಾಣ."

"ಒಂದು ಕೆರೆ ಮೀನಿಗೆ ಐಸ್ ಹಾಕಾಕೆ ನಿಮ್ಮಾವ ಐಸ್ ಫ್ಯಾಕ್ಟ್ರಿ ಮಡಗವ್ನಾ?"

ಅವರು ಹೇಳಿದ್ದರಲ್ಲೂ ನ್ಯಾಯವಿತ್ತು. ಹಿಡಿಯುವುದು ಬೇಡ, ಕೋಡಿಗೆ ಬಲೆ ಕಟ್ಟೋಣ ಅಂತ ತೀರ್ಮಾನವಾಯಿತು. ಕೋಡಿ ಬಿದ್ದರೆ ಮೀನು ಹರಿಯುವ ನೀರಿನ ಕಡೆಗೇ ಬರುತ್ತದೆ, ನೀರಿನ ಜೊತೆ ಇಳಿದು ಕೆಳಗಿನ ಊರಿನ ಕೆರೆ ಸೇರುತ್ತದೆ. ಕೋಡಿ ದಾಟಿದ ಮೀನು ಕೆಳಗಿನ ಊರಿನವರದು. ಇದು ನಮ್ಮ ಸುತ್ತಿನ ಕೆರೆಗಳಿಗೆಲ್ಲ ಇರುವ ಕಟ್ಟು. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿಯುವುದೂ ಇಲ್ಲ.

ಕೋಡಿ ಎರಡು ಎತ್ತಿನಗಾಡಿ ಜೊತೆಯಾಗಿ ಹೋಗುವಷ್ಟು ಅಗಲ. ಒಂದು ತುದಿ ಏರಿಗೆ ಸೇರಿದೆ, ಇನ್ನೊಂದು ತುದಿಗೆ ಒಂದು ಬಂಡೆ. ಬಂಡೆಯ ಹಿಂದೆ ಹೊಂಗೆ ಮರ. ಕಲ್ಲಿನ ಸಂದಿಗೆ ಬಿದಿರು ಗಳು ನಿಲ್ಲಿಸಿ, ಬುಡಕ್ಕೆ ಮರಳಿನ ಚೀಲ ಒತ್ತಿ, ಅಡ್ಡಗಳು ಬಿಗಿದೆವು. ಅದಕ್ಕೆ ದಪ್ಪ ಕಣ್ಣಿನ ಬಲೆ ಕಟ್ಟಿದೆವು. ಬೆರಳುದ್ದದ ಮರಿಗಳು ಅದರಲ್ಲಿ ನುಸುಳಿ ಹೋಗುತ್ತವೆ ಅಂತ, ಒಳಗಡೆಯಿಂದ ಸಣ್ಣ ಕಣ್ಣಿನ ಹಳೇ ಬಲೆಯನ್ನೂ ಸೇರಿಸಿದೆವು. ಗಂಟೆಲ್ಲ ನಾನೇ ಹಾಕಿದೆ. ಸಂಜೆ ನೋಡಿದರೆ ಒಳ್ಳೇ ಮಂಚದ ಹಾಗೆ ಬಿಗಿಯಾಗಿ ನಿಂತಿತ್ತು. ಮೈದುನ ತಟ್ಟಿ ನೋಡಿ, "ಅತ್ಗೆ, ಇದ್ರ ಮ್ಯಾಲೆ ಮಲೀಕಬೋದು" ಅಂದ.

ಮಳೆ ರಾತ್ರಿ ಹಿಡಿದದ್ದು ಬೆಳಿಗ್ಗೆ ಬಿಡಲಿಲ್ಲ. ಗುಡುಗಿಲ್ಲ, ಮಿಂಚಿಲ್ಲ, ಸಮನಾಗಿ ಸುರಿಯುವ ಮಳೆ. ಮಧ್ಯಾಹ್ನಕ್ಕೆ ಕೋಡಿ ಬಿತ್ತು. ಬಲೆಯ ಕಣ್ಣಿನಲ್ಲಿ ನೀರು ಸೋಸಿ ಬೀಳುವುದನ್ನು ನೋಡಲು ಚೆನ್ನಾಗಿಯೇ ಇತ್ತು. ಒಳಗಡೆ ಕಾಟ್ಲಾಗಳು ಬಂದು ಮೂತಿ ತಾಗಿಸಿ ತಿರುಗಿ ಹೋಗುತ್ತಿದ್ದವು. ಯಜಮಾನರು ಗೋಣಿಕೊಪ್ಪೆ ಹಾಕಿಕೊಂಡು ಏರಿಯ ಮೇಲೆ ಕೂತು ಬೀಡಿ ಸೇದಿದರು. ಆವತ್ತು ಸಂಜೆಯೂ ಹೊಗೆ ಬಣವೆ ಕಡೆಗೇ ಇತ್ತು. ಬಂದರಿನವಳಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚಿದಾಗ ಹೊಗೆ ನನ್ನ ಮುಖಕ್ಕೇ ಬಂತು. ನಾನು ಕಣ್ಣು ಒರೆಸಿಕೊಂಡು ಜಾಗ ಬದಲಿಸಿ ಕೂತೆ. ಆಮೇಲೆ ಹೊಳೆಯಿತು. ಹೊರಗೆ ಬಂದು ಮೋಡ ನೋಡಿದೆ. ತೆಂಕಲ ಮೂಡಲಿಂದ ಬಡಗಲ ಕಡೆಗೆ ಓಡುತ್ತಿದ್ದವು. ಫೋನ್ ಮಾಡಿ, "ತಿರುಗ್ತು ಕಣೇ" ಅಂದೆ.

"ದಾಟಿತು ಹಾಗಾದ್ರೆ. ಇನ್ನು ನಮ್ಮ ತಲೆಬಿಸಿ" ಅಂದಳು. "ನಿಮಗೆ ಇವತ್ತೊಂದು ದಿನ ಜೋರು ಬಂದೀತು, ಆಮೇಲೆ ಬಿಡ್ತದೆ."

ಒಂದು ದಿನ ತಾನೇ ಅಂತ ನಾನೂ ಸಮಾಧಾನ ಮಾಡಿಕೊಂಡೆ. ಗಾಳಿ ತಿರುಗಿದರೆ ನಮ್ಮ ಕೆರೆಯೊಳಗೆ ಏನಾಗುತ್ತದೆ ಅಂತ ಮಾತ್ರ ನಾವು ಮೂವರೂ ಯೋಚನೆ ಮಾಡಿರಲಿಲ್ಲ. ಕೆರೆಯ ತೆಂಕಲ ಮೂಲೆಯಲ್ಲಿ ಅಂತರಗಂಗೆ ಬೆಳೆದಿತ್ತು. ನೀರಿನ ಮೇಲೆ ತೇಲುವ ಕಳೆ ಅದು. ಬಡಗಲ ಗಾಳಿ ಇಷ್ಟು ದಿನ ಅದನ್ನು ಆ ಮೂಲೆಗೇ ಒತ್ತಿ ಇಟ್ಟಿತ್ತು. ಈಗ ತೆಂಕಲ ಗಾಳಿ ಬಂದದ್ದೇ, ಹಸಿರು ಚಾಪೆ ಎಳೆದ ಹಾಗೆ ಇಡೀ ಕಳೆ ಕೋಡಿಯ ಕಡೆಗೆ ಹೊರಟಿತು. ನಾನು ಬುತ್ತಿ ತೆಗೆದುಕೊಂಡು ಹೋಗುವಷ್ಟರಲ್ಲಿ ಬಲೆ ಕಾಣುತ್ತಿರಲಿಲ್ಲ. ಹಸಿರು ಗೋಡೆಯೇ ಎದ್ದಿತ್ತು.

ಯಜಮಾನರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ತುದಿ ಹೊಂಗೆ ಮರಕ್ಕೆ ಬಿಗಿದು, ತುದಿಗೆ ಕೊಕ್ಕೆ ಕಟ್ಟಿದ ದೋಟಿಯಿಂದ ಕಳೆ ಎಳೆದೆಳೆದು ಬಂಡೆಯ ಮೇಲೆ ಎಸೆಯುತ್ತಿದ್ದರು. ಮೈದುನ ಏರಿಯ ಕಡೆಯಿಂದ ಎಳೆಯುತ್ತಿದ್ದ. ನಾನೂ ಸೀರೆ ಎತ್ತಿ ಕಟ್ಟಿ ಇಳಿದೆ. ಒಂದು ಹೊರೆ ತೆಗೆದರೆ ಎರಡು ಹೊರೆ ಬರುತ್ತಿತ್ತು. ದಪ್ಪ ಕಣ್ಣಿನ ಬಲೆಯಲ್ಲಿ ಬೇರು ಜಾರಿ ಹೋಗುತ್ತಿತ್ತೇನೋ, ಒಳಗಿನ ಸಣ್ಣ ಬಲೆಯಲ್ಲಿ ಕೂದಲು ಸಿಕ್ಕಿದ ಹಾಗೆ ಸಿಕ್ಕಿಕೊಂಡಿತ್ತು. ತೆಪ್ಪದಲ್ಲಿ ಹೋಗಿ ಕಳೆಯನ್ನು ನಡುವೆಯೇ ತಡೆಯೋಣ ಅಂತ ಮೈದುನ ಹೊರಟ. ಗಾಳಿಗೆ ತೆಪ್ಪ ತಿರುಗಿ ತಿರುಗಿ ಕಳೆಯ ಜೊತೆಗೇ ಕೋಡಿಗೆ ಬಂದು ನಿಂತಿತು.

"ತಡ್ಯಾಕೆ ಹೋದೋನು ಮೆರವಣಿಗೆ ಮಾಡ್ಕೊಂಡು ಬಂದ" ಅಂದರು ಯಜಮಾನರು. ಆ ಹೊತ್ತಿನಲ್ಲೂ ನಗು ಬಂತು.

ಬೀಸುಬಲೆ ಹಾಕಿ ಕೋಡಿಯ ಬಾಯಲ್ಲಿ ಸಿಕ್ಕಷ್ಟಾದರೂ ಹಿಡಿಯೋಣ ಅಂತ ನೋಡಿದೆವು. ಎರಡು ಸಲವೂ ಬಲೆ ತುಂಬ ಅಂತರಗಂಗೆಯೇ ಬಂತು.

ಆಗ ಏರಿಯ ಮೇಲೆ ಕೊಡೆ ಹಿಡಿದು ಒಬ್ಬರು ಬಂದರು. ಕೆರೆಯ ಮೇಲುತುದಿಯಲ್ಲಿ, ನೀರು ನಿಲ್ಲುವ ಅಂಚಿಗೆ ಹೊಂದಿಕೊಂಡೇ ಇರುವ ಹೊಲದ ಒಡೆಯರು ಅವರು. ಹಳೇಬೀಡಿನ ಬಸದಿಯ ಹತ್ತಿರದ ಜೈನರ ಮನೆಯ ಹಿರಿಯರು. ನಮಗೂ ಅವರಿಗೂ ಮೊದಲಿನಿಂದ ಒಂದು ಒಪ್ಪಂದ ಇದೆ. ಅವರು ಹೊಲಕ್ಕೆ ಬಂದ ಹೊತ್ತಿನಲ್ಲಿ ನಾವು ಆ ಕಡೆ ಬಲೆ ಹಾಕುವುದಿಲ್ಲ. ಅವರೂ ನಮ್ಮ ಕೆಲಸಕ್ಕೆ ಒಂದು ಮಾತು ಆಡುವುದಿಲ್ಲ. ಅವರ ಹೊಲದಲ್ಲಿ ರಾಗಿ ಕುಯ್ದು ಹಾಸಿದ್ದರು. ಮಳೆ ಬಂತೆಂದು ಅರ್ಧ ಗುಪ್ಪೆ ಹಾಕಿಸಿದ್ದರು, ಇನ್ನರ್ಧ ನೆಲದ ಮೇಲೇ ಇತ್ತು. ರಾಗಿ ತೊಯ್ದರೆ ಬಿಸಿಲಿಗೆ ಹರವಿ ಒಣಗಿಸಬಹುದು. ನಿಂತ ನೀರಿನಲ್ಲಿ ಮುಳುಗಿದರೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ.

ಅವರು ಏನೂ ಕೇಳದೆ ನಿಂತೇ ಇದ್ದರು. ನಾನೇ ಕೇಳಿದೆ, "ನೀರು ಹೊಲಕ್ಕೆ ಬಂತಾ ಅಣ್ಣೋರೇ?"

"ಬದುವಿಗೆ ಬಂದಿದೆ ತಾಯಿ. ಆಳುಗಳು ಹೊರುತ್ತಾ ಇದ್ದಾರೆ. ಹೊತ್ತಷ್ಟು ಆಯಿತು."

"ಬಲೆ ಬಿಚ್ಚಿ ಅಂತೀರಾ?" ಅಂದರು ನಮ್ಮ ಯಜಮಾನರು ನೀರೊಳಗಿಂದಲೇ. ದನಿಯಲ್ಲಿ ಸ್ವಲ್ಪ ಖಾರವಿತ್ತು.

"ನಾನು ಕೇಳುವ ಹಾಗಿಲ್ಲಪ್ಪ" ಅಂದರು ಅವರು. "ಮೀನು ಬಿಡಿ ಅಂತ ನಾನಂದರೆ ನೀವು ಇದು ಅವರ ಧರ್ಮ ಅಂದುಕೊಳ್ಳುತ್ತೀರಿ. ರಾಗಿಗೆ ಕೇಳಿದ್ದು ಅಂತ ನನಗೆ ಗೊತ್ತಿರುತ್ತದಲ್ಲ. ಅದಕ್ಕೇ ಸುಮ್ಮನೆ ನಿಂತಿದ್ದೇನೆ."

ಯಜಮಾನರು ಮತ್ತೆ ದೋಟಿ ಹಾಕಿದರು. "ಮಳೆ ಹುಯ್ದು ಕೆರೆ ಏರ್ತೈತೆ. ನಾವೇನ್ ಮಾಡಾಣ" ಅಂದರು, ಯಾರಿಗೂ ಹೇಳದ ಹಾಗೆ.

ಅದು ನಿಜವಾ ಅಂತ ನನಗೆ ತಿಳಿಯಬೇಕಿತ್ತು. ಉಳಿದಿದ್ದ ಒಂದು ಬಿದಿರು ಗಳು ತೆಗೆದುಕೊಂಡು ಬಲೆಯ ಹೊರಗಡೆ ಕಲ್ಲಿನ ಮೇಲೆ ಊರಿದೆ. ನೀರು ಹತ್ತಿದ ಕಡೆ ಬೆರಳು ಹಿಡಿದೆ. ಮೊಳಕಾಲಿನ ಕೆಳಗೇ ಇತ್ತು. ಅದೇ ಗಳುವನ್ನು ಬಲೆಯ ಒಳಗಡೆ ಅದೇ ಕಲ್ಲಿನ ಮೇಲೆ ಊರಿದೆ. ಸೊಂಟಕ್ಕೆ ಬಂತು. ನಡುವೆ ಇದ್ದದ್ದು ನಮ್ಮ ಬಲೆ, ಒಂದು ಗೇಣು ದಪ್ಪದ ಕಳೆ, ಅಷ್ಟೇ.

ಗಳು ಹಿಡಿದು ಅಲ್ಲೇ ನಿಂತುಕೊಂಡೆ. ಒಳಗಡೆ ನನ್ನ ಕಾಲಿಗೆ ಮೀನು ತಾಗುತ್ತಿತ್ತು. ದೊಡ್ಡ ಮೀನು. ಅದರ ಬೆನ್ನು ಮೀನಖಂಡಕ್ಕೆ ಉಜ್ಜಿಕೊಂಡು ಹೋಗುವುದು ತಿಳಿಯುತ್ತಿತ್ತು. ತೌಡಿನ ಉಂಡೆ ಕಟ್ಟಿದ್ದು, ಬೇಸಿಗೆಯಲ್ಲಿ ನೀರು ಇಳಿದಾಗ ಕೊಕ್ಕರೆ ಓಡಿಸುತ್ತಾ ದಿನವೆಲ್ಲ ಕೂತದ್ದು ನೆನಪಾಯಿತು. ಆದರೆ ಗಳುವಿನ ಮೇಲಿನ ಎರಡು ಗುರುತು ನನ್ನ ಕೈಯಲ್ಲೇ ಇದ್ದವು.

"ಇಲ್ ಬನ್ನಿ" ಅಂದು ಯಜಮಾನರನ್ನು ಕರೆದು ತೋರಿಸಿದೆ. "ಮಳೆ ಏರ್ಸಿದ್ದು ಇಷ್ಟು. ನಾವು ಏರ್ಸಿರೋದು ಇಷ್ಟು."

ಅವರು ನೋಡಿದರು. ಗಳುವನ್ನು ತಾವೇ ಇಸಿದುಕೊಂಡು ಇನ್ನೊಂದು ಸಲ ಊರಿ ನೋಡಿದರು. "ಸಂಜೆಗೆ ಮಳೆ ಬಿಡ್ತೈತೆ ಅಂದ್ಲಲ್ಲ ಅವ್ಳು."

"ಸಂಜೆ ಗಂಟ ರಾಗಿ ನೀರೊಳಗಿರ್ತೈತೆ."

"ನಮ್ ಮೀನು?"

"ಮಳೆ ನೀರು ಅವ್ರ ಹೊಲಕ್ಕೆ ಹತ್ತಿದ್ರೆ ಅದು ಮಳೆದು ಕಣ್ರೀ. ಇದು ನಮ್ದು. ನಾನ್ ಹಾಕಿದ್ ಗಂಟು, ನಾನೇ ಬಿಚ್ತೀನಿ."

ಮೈದುನ ಅಣ್ಣನ ಮುಖ ನೋಡಿದ. ಯಜಮಾನರು ದೋಟಿಯನ್ನು ಬಂಡೆಗೆ ಒರಗಿಸಿ, ತಮ್ಮ ಸೊಂಟದ ಹಗ್ಗ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದರು. ಅದೇ ಅವರ ಒಪ್ಪಿಗೆ.

ತುಂಬಿ ನಿಂತ ಬಲೆಯನ್ನು ಹೇಗೆ ಬೇಕಾದರೂ ಹಾಗೆ ಬಿಚ್ಚುವ ಹಾಗಿಲ್ಲ. ನಡುವೆ ಕೊಯ್ದರೆ ನೀರು ಒಂದೇ ಸಲ ನುಗ್ಗಿ ಗಳು, ಕಲ್ಲು, ಮನುಷ್ಯರನ್ನೂ ಸೇರಿಸಿ ಒಯ್ಯುತ್ತದೆ. ಏರಿಯ ಕಡೆ ಮೊದಲು ಬಿಚ್ಚಿದರೆ ಏರಿಯ ಮಣ್ಣು ಕೊರೆಯುತ್ತದೆ. ಹಾಗಾಗಿ ಬಂಡೆಯ ತುದಿಯಿಂದ ಶುರುಮಾಡಿದೆ. ಮೊದಲು ಮೇಲಿನ ಗಂಟು, ಆಮೇಲೆ ನಡುವಿನದು. ನೀರು ಸ್ವಲ್ಪ ಇಳಿದ ಮೇಲೆ ಬುಡದ್ದು. ನೆನೆದ ಗಂಟು ಕೈಗೆ ಬರಲಿಲ್ಲ, ಕುಡುಗೋಲಿನಿಂದ ಕೊಯ್ಯಬೇಕಾಯಿತು. ಒಂದು ಗಳು ಬಿಟ್ಟ ಮೇಲೆ ಕಾದು, ಕಳೆ ಹರಿದು ಹೋದ ಮೇಲೆ ಮುಂದಿನ ಗಳು. ಮರಕ್ಕೆ ಬಿಗಿದಿದ್ದ ಹಗ್ಗವನ್ನು ನಡುವೆ ಹಿಡಿದು ಯಜಮಾನರು ಬಂಡೆಯ ಮೇಲೆ ಕೂತಿದ್ದರು. ಮೈದುನ ಬಿಟ್ಟ ಬಲೆಯನ್ನು ಏರಿಯ ಕಡೆಗೆ ಎಳೆದುಕೊಳ್ಳುತ್ತಾ ಹೋದ.

ಮೊದಲು ಹೋದದ್ದು ಅಂತರಗಂಗೆ. ಆಮೇಲೆ ಮೀನು. ಮರಿಗಳು ಹೋದದ್ದು ಕಾಣಲಿಲ್ಲ. ದೊಡ್ಡವು ಕೋಡಿಯ ತುದಿಯಲ್ಲಿ ಒಂದು ಗಳಿಗೆ ಅಡ್ಡ ತಿರುಗಿ, ಹೊಟ್ಟೆಯ ಬಿಳಿ ತೋರಿಸಿ ಕೆಳಗೆ ಬೀಳುತ್ತಿದ್ದವು. ಯಜಮಾನರು ಆ ಕಡೆ ನೋಡಲಿಲ್ಲ, ಹಗ್ಗವನ್ನೇ ನೋಡುತ್ತಿದ್ದರು.

ಹಿರಿಯರು ಕೊಡೆ ಮಡಚಿ ಕೈಮುಗಿದು ನಿಂತಿದ್ದರು. ನಮಗೋ ಮೀನಿಗೋ ತಿಳಿಯಲಿಲ್ಲ. "ಎಷ್ಟು ಜೀವ ಉಳಿದವು" ಅಂದರು.

"ಕೆಳಗಿನ ಊರಲ್ಲಿ ಕಾಯ್ತಾ ಅವ್ರೆ ಸ್ವಾಮಿ, ಮಸಾಲೆ ಅರ್ಕಂಡು" ಅಂದರು ಯಜಮಾನರು.

ಹಿರಿಯರಿಗೆ ನಗು ತಡೆಯಲಾಗಲಿಲ್ಲ. ನಗಬಾರದಿತ್ತು ಅನ್ನುವ ಹಾಗೆ ಬಾಯಿಗೆ ಟವೆಲ್ ಇಟ್ಟುಕೊಂಡರು. ಆಮೇಲೆ ಹೊಲದ ಕಡೆಗೆ ಬೇಗಬೇಗ ನಡೆದರು. ನಾವು ಮೂವರೂ ಹಿಂದೆಯೇ ಹೋದೆವು. ಅಲ್ಲಿ ನೀರು ಬದು ದಾಟಿ ಒಳಗೆ ಬಂದು, ಕೊನೆಯ ಸಾಲಿನ ರಾಗಿಯನ್ನು ಮುಟ್ಟಿತ್ತು. ಆಳುಗಳ ಜೊತೆ ನಾವೂ ರಾಗಿಯನ್ನು ಸಿವುಡು ಕಟ್ಟಿ ಹೊತ್ತು ದಿಬ್ಬದ ಮೇಲೆ ಹಾಕಿದೆವು. ಹೊರುತ್ತಿದ್ದಂತೆಯೇ ನೀರು ಹಿಂದಕ್ಕೆ ಸರಿಯಿತು. ಒದ್ದೆ ಮಣ್ಣಿನ ಮೇಲೆ ಅದು ಬಂದಿದ್ದ ಗೆರೆ ಮಾತ್ರ ಉಳಿಯಿತು. ಎರಡು ಸಾಲು ಹಾಳಾಯಿತು, ಮಿಕ್ಕಿದ್ದು ದಕ್ಕಿತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕಾದ ಮನುಷ್ಯ ಆವತ್ತು ಉಣ್ಣದೆಯೇ ಕತ್ತಲಾಗಿಸಿಕೊಂಡರು. ನೀರು ಕುಡಿಯಿರಿ ಅಂತ ಚೊಂಬು ಹಿಡಿದೆ. "ಈಗ ಆಗುವುದಿಲ್ಲ ತಾಯಿ, ನಾಳೆ" ಅಂದು ಮೊಪೆಡ್ ಹತ್ತಿ ಹೋದರು.

ಮಳೆ ರಾತ್ರಿ ನಿಂತಿತು. ಬೆಳಿಗ್ಗೆ ಬಿಸಿಲು ಬಿತ್ತು. ಬಂದರಿನವಳಿಗೆ ಹೇಳಿದೆ. ಅವಳಲ್ಲಿ ಅಲೆ ಎದ್ದಿದೆಯಂತೆ, ದೋಣಿ ಇನ್ನೂ ಕಟ್ಟೇ ಇದೆಯಂತೆ. "ಮೀನು ಉಳಿಯಿತಾ?" ಅಂತ ಕೇಳಿದಳು. "ನೋಡ್ಬೇಕು" ಅಂದೆ.

ನೋಡಿದೆವು. ಮೈದುನನೂ ಯಜಮಾನರೂ ತೆಪ್ಪದಲ್ಲಿ ಹೋಗಿ ತೂಬಿನ ಹತ್ತಿರದ ಆಳದಲ್ಲಿ ಒಂದು ಬಲೆ ಬಿಟ್ಟರು. ನಾನು ದಡದಲ್ಲಿ ಕೂತಿದ್ದೆ. ಬಲೆ ಎಳೆದಾಗ ಮೃಗಾಲ್ ಬಂದವು, ನಾಲ್ಕಾರು ರೋಹು ಬಂದವು. ಕಾಟ್ಲಾ ಒಂದೂ ಇಲ್ಲ. ಮೃಗಾಲ್ ಕೆಸರಲ್ಲಿ ಮೇಯುವ ಮೀನು, ತಳ ಬಿಟ್ಟು ಬಂದಿರಲಿಲ್ಲ. ಕಾಟ್ಲಾ ಮೇಲುನೀರಿನದು, ಹರಿವಿಗೆ ಸಿಕ್ಕಿ ಹೋಗಿತ್ತು. ಯಜಮಾನರು ಬಂದ ಮೀನನ್ನೆಲ್ಲ ಮತ್ತೆ ನೀರಿಗೆ ಬಿಟ್ಟು, "ಪೂರ್ತಿ ಬರಿದಾಗಿಲ್ಲ" ಅಂದರು. ವರ್ಷ ಹೇಗೆ ಹೋಗುತ್ತದೆ ಅನ್ನುವುದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಕೆಳಗಿನ ಊರಿನ ಹೆಂಗಸೊಬ್ಬಳು ತಲೆಯ ಮೇಲೆ ಮಂಕರಿ ಇಟ್ಟುಕೊಂಡು ಬಂದಳು. ಡೈರಿಯಲ್ಲಿ ನೋಡಿ ಗುರುತಿದ್ದವಳು. ಬಾಗಿಲಲ್ಲೇ ನಿಂತು, "ಅಕ್ಕಾ, ಏನ್ ಹಾಕಿ ಸಾಕಿದ್ರಿ? ನಮ್ಮೂರ ಗಂಡಸ್ರೆಲ್ಲ ನಿಮ್ ಕಾಟ್ಲಾ ಹಿಡಿಯಾಕೋಗಿ ಗದ್ದೇಲಿ ಹೊರಳಾಡಿದ್ರು" ಅಂದಳು. ಮಂಕರಿಯಲ್ಲಿ ಎಲೆ ಮುಚ್ಚಿ ಎರಡು ಕಾಟ್ಲಾ ಇದ್ದವು. ನಾನು ಯಜಮಾನರ ಕಡೆ ನೋಡಿದೆ. ಅವರು ಜಗಲಿಯಿಂದ ಎದ್ದು ಬಂದು, ತಾವೇ ಎರಡು ಕೈಯಲ್ಲಿ ಮೀನು ಎತ್ತಿಕೊಂಡರು. "ಕೂತ್ಕಳವ್ವ, ಕಾಫಿ ಕುಡ್ಕಂಡು ಹೋಗು" ಅಂದರು.

ಅವಳು ಹೋದ ಮೇಲೆ ಮೀನು ಹೆಚ್ಚಿದೆ. ಹುಣಸೆಹುಳಿ, ಕೊತ್ತಂಬರಿ, ಬೆಳ್ಳುಳ್ಳಿ ಹಾಕಿ ಸಾರು ಮಾಡಿ, ರಾಗಿ ಮುದ್ದೆ ತೊಳಸಿದೆ. ಮೈದುನನ ಹೆಂಡತಿಯೂ ಬಂದಳು, ನಾಲ್ಕು ಜನ ಒಟ್ಟಿಗೆ ಉಂಡೆವು. ತಲೆ ಭಾಗ ಮೈದುನನಿಗೆ, ನಡುವಿನ ತುಂಡು ಯಜಮಾನರಿಗೆ. ಅವರು ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. "ಚೆನ್ನಾಗ್ ಬೆಳ್ದಿದ್ವು" ಅಂದರು. ಕೋಡಿ ಬಿದ್ದ ದಿನದಿಂದ ಅದರ ಸದ್ದು ಹೆಚ್ಚಾಯಿತಾ ಕಮ್ಮಿಯಾಯಿತಾ ಅಂತ ಕಿವಿ ಕೊಟ್ಟುಕೊಂಡೇ ಮಲಗುತ್ತಿದ್ದವರು, ಆವತ್ತು ನಾನು ಪಾತ್ರೆ ತೊಳೆದು ಒಳಗೆ ಬರುವಷ್ಟರಲ್ಲಿ ಗೋಡೆಗೆ ಒರಗಿ ಕೂತ ಹಾಗೇ ನಿದ್ದೆ ಹೋಗಿದ್ದರು. ಕೋಡಿ ಇನ್ನೂ ಹರಿಯುತ್ತಿತ್ತು.